ಹೆಬ್ರಾನ್ ಕಾಲೇಜಿನ ಮೂರು ಸೋಲು

ಲೋವೆಲ್ ಟಿಡ್ಮೋರ್ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಕಾರ್ಲಿ ಊರಿನ ಹತ್ತಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಅವನು ಮಾಡಿದ್ದು ಅಳೆದು ದರ್ಜೆ ಕಟ್ಟುವ ಕೆಲಸವನ್ನೇ. ಅಲಬಾಮಾದ ಉತ್ತರದ ಜಿಲ್ಲೆಗಳಿಂದ ಬಂದ ಒಂದೊಂದು ಅಂಡಿಗೆಯಿಂದಲೂ ಒಂದು ಹಿಡಿ ಹತ್ತಿ ಅವನ ಮೇಜಿಗೆ ಬರುತ್ತಿತ್ತು. ಕಿಟಕಿಯ ಬೆಳಕಿನಲ್ಲಿ ಅದನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯುವುದು, ಎಳೆಯ ಉದ್ದ ನೋಡುವುದು, ಕಸ ನೋಡುವುದು, ಬಣ್ಣ ನೋಡುವುದು, ದರ್ಜೆ ಬರೆಯುವುದು. ಹತ್ತಿಯ ಜೊತೆಗೆ ಇರುತ್ತಿದ್ದದ್ದು ನಂಬರಿನ ಚೀಟಿ ಮಾತ್ರ. ಯಾರ ಹೊಲದ್ದು ಎಂದು ಕೇಳಬಾರದು, ಕೇಳಿದರೆ ಕೈ ಸುಳ್ಳು ಹೇಳುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ. ಒಂದು ವರ್ಷ ಲೋವೆಲ್ ತಿಳಿಯದೆ ತನ್ನ ಮಾವನ ಹತ್ತಿಗೇ ಕೆಳದರ್ಜೆ ಬರೆದುಬಿಟ್ಟ. ಆ ಕ್ರಿಸ್‌ಮಸ್ಸಿನ ಊಟವನ್ನು ತಲೆ ತಗ್ಗಿಸಿಕೊಂಡೇ ಮಾಡಿದ. ದರ್ಜೆಯನ್ನು ಮಾತ್ರ ತಿದ್ದಲಿಲ್ಲ.

ಆದರೆ ಊರು ಅವನನ್ನು ನೆನೆಯುವುದು ಹತ್ತಿಗಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿಗೆ.

ನಮ್ಮ ಕಡೆ ಚರ್ಚಿಗೆ ಹೋಗದವರು ಸಿಕ್ಕಾರು, ಯಾವುದೋ ಒಂದು ಕಾಲೇಜಿನ ತಂಡದ ಪಕ್ಷ ವಹಿಸದವರು ಸಿಗುವುದಿಲ್ಲ. ತಂಡಗಳು ನೂರಾರು. ಒಂದೊಂದಕ್ಕೂ ಸೆಪ್ಟೆಂಬರಿನಿಂದ ನವೆಂಬರಿನ ತನಕ ಹತ್ತೋ ಹನ್ನೊಂದೋ ಆಟ. ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವಿಲ್ಲದ್ದರಿಂದ ಮೇಲಿನ ಸ್ಥಾನದಲ್ಲಿರುವ ಇಬ್ಬರು ಒಬ್ಬರನ್ನೊಬ್ಬರು ಕಣ್ಣಿಂದಲೂ ನೋಡದೆ ವರ್ಷ ಕಳೆದುಹೋಗುತ್ತದೆ. ಆಗ ಉಳಿಯುವುದು ಒಂದೇ ಜಗಳ. ನೀವು ಗೆದ್ದಿರಿ, ಸರಿ. ಯಾರ ಎದುರು? ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಬಡಪಾಯಿ ತಂಡಗಳನ್ನು ಹುಡುಕಿ ಹುಡುಕಿ ಕರೆಸಿ, ಬಡಿದು, ಮೊದಲ ಸ್ಥಾನ ಕೇಳುವ ದೊಡ್ಡ ಕಾಲೇಜುಗಳಿಗೆ ಬರವೇನಿಲ್ಲ. ‘ಯಾರ ಹತ್ರಾನೂ ಆಡಿಲ್ಲ ಬಿಡ್ರಿ’ ಎನ್ನುವುದಕ್ಕಿಂತ ದೊಡ್ಡ ಬೈಗುಳ ಕಾರ್ಲಿಯ ಕ್ಷೌರದಂಗಡಿಯಲ್ಲಿ ಇರಲಿಲ್ಲ. ಹೆತ್ತವರನ್ನು ಬೈದರೂ ಅಷ್ಟು ಉರಿಯುತ್ತಿರಲಿಲ್ಲ.

ಈ ಜಗಳ ತೀರಿಸುತ್ತೇನೆಂದು ಹೊರಟವನು ಲೋವೆಲ್. ಊರಿನ ಪತ್ರಿಕೆಯಲ್ಲಿ ಪ್ರತಿ ಮಂಗಳವಾರ ‘ಯಾರ ಎದುರು?’ ಎಂಬ ಹೆಸರಿನಲ್ಲಿ ಅವನ ಪಟ್ಟಿ ಬರುತ್ತಿತ್ತು. ಒಂದು ತಂಡ ಎಷ್ಟು ಗೆದ್ದಿತು ಎಂಬುದು ಅವನಿಗೆ ದೊಡ್ಡದಲ್ಲ. ಅದರ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ, ಆ ಎದುರಾಳಿಗಳ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ, ಇದನ್ನೆಲ್ಲ ಕೂಡಿ ಭಾಗಿಸಿ ಬಂದದ್ದಕ್ಕೆ ಅವನು ‘ತೂಕ’ ಎಂದು ಹೆಸರಿಟ್ಟಿದ್ದ. ಸಣ್ಣ ಕಾಲೇಜು, ದೊಡ್ಡ ಕಾಲೇಜು ಎಂಬ ಭೇದವಿಲ್ಲ. ಅಂಕಣ ಎರಡೇ, ಗೆಲುವು ಮತ್ತು ಸೋಲು; ಸಮವಾದ ಆಟ ಲೆಕ್ಕಕ್ಕಿಲ್ಲ. ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು, ಆದ್ದರಿಂದ ಇಡೀ ಪಟ್ಟಿಯ ಗೆಲುವುಗಳ ಮೊತ್ತ ಸೋಲುಗಳ ಮೊತ್ತಕ್ಕೆ ಸಮ ಬರಬೇಕು. ಬಂದರೆ ಪಟ್ಟಿ ಸರಿ. ಭಾನುವಾರ ಚರ್ಚಿನಿಂದ ಬಂದು, ಊಟ ಮುಗಿಸಿ, ಅದೇ ಮೇಜಿನ ಮೇಲೆ ಹಾಳೆ ಹರಡಿಕೊಂಡು ಅವನು ಕೂತನೆಂದರೆ ಹೆಂಡತಿ ಇಮೊಜೀನ್ ತಟ್ಟೆ ತೊಳೆಯುವ ಸದ್ದನ್ನೂ ಅಡಗಿಸಿಕೊಳ್ಳುತ್ತಿದ್ದಳು.

1968ರಲ್ಲಿ ಆ ಪಟ್ಟಿಯ ಕೆಳಗೆಲ್ಲೋ ಇದ್ದದ್ದು ಹೆಬ್ರಾನ್ ಕಾಲೇಜು. ಕಾರ್ಲಿಯಿಂದ ಆರು ಮೈಲಿ, ಒಂದು ಗುಡ್ಡದ ಮೇಲೆ ನಾಲ್ಕು ಇಟ್ಟಿಗೆ ಕಟ್ಟಡ, ನಾನೂರು ಹುಡುಗ ಹುಡುಗಿಯರು. ಕೋಚ್ ಡ್ಯೂಯಿ ಲಾಫ್ಟಿಸ್ ಲೋವೆಲನ ಚರ್ಚಿನವನೇ. ಆ ವರ್ಷ ಅವನ ತಂಡ ಆಡಿದ ಏಳೂ ಆಟ ಗೆದ್ದಿತ್ತು. ಕೋಚನ ಹತ್ತೊಂಬತ್ತು ವರ್ಷದ ಮಗ ರಾಯ್ಸ್ ಚೆಂಡು ಹಿಡಿದು ಓಡಿದರೆ ಹಿಡಿಯುವವರಿಲ್ಲ. ಊರೆಲ್ಲ ಕುಣಿಯುತ್ತಿತ್ತು. ಲೋವೆಲನ ಪಟ್ಟಿಯಲ್ಲಿ ಮಾತ್ರ ಹೆಬ್ರಾನಿನ ತೂಕ ಮೇಲೇಳಲಿಲ್ಲ, ಏಕೆಂದರೆ ಅವರು ಸೋಲಿಸಿದವರೆಲ್ಲ ಸೋತು ಸುಣ್ಣವಾದವರೇ. ಜನ ಕೇಳುವುದಕ್ಕೆ ಉತ್ತರ ಹೇಳಿ ಹೇಳಿ ಬೇಸತ್ತು ಅವನು ಒಂದು ಮಂಗಳವಾರ ಪಟ್ಟಿಯ ಕೆಳಗೆ ಎರಡು ಸಾಲು ಸೇರಿಸಿದ. ‘ಹೆಬ್ರಾನ್ ಏಳಕ್ಕೆ ಏಳು ಗೆದ್ದಿರುವುದು ನಿಜ. ಯಾರ ಎದುರು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡ್ಯೂಯಿ ಆ ಎರಡು ಸಾಲನ್ನು ಕತ್ತರಿಸಿ ಹುಡುಗರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ. ಅದೇ ವಾರ ಪಕ್ಕದ ರಾಜ್ಯದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಬರಬೇಕಿದ್ದ ತಂಡ ಕೈಕೊಟ್ಟಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ಸೇರುವ ಶನಿವಾರ ಅದು. ಆ ದಿನಕ್ಕೆ ಸದ್ದಿಲ್ಲದೆ ಸೋತು ಹೋಗುವ ಒಂದು ಸಣ್ಣ ತಂಡವನ್ನು ಕರೆಸುವುದು ದೊಡ್ಡವರ ವಾಡಿಕೆ. ಡ್ಯೂಯಿ ತಾನಾಗಿ ಫೋನ್ ಮಾಡಿ, ನಾವು ಬರುತ್ತೇವೆ ಎಂದ. ಮುನ್ನೂರು ಮೈಲಿ ದೂರ, ಬಸ್ಸಿನಲ್ಲಿ. ಹೋದರು, ಸೋತರು. ಆದರೆ ಮೂರೇ ಅಂಕದಿಂದ ಸೋತರು. ರೇಡಿಯೋದಲ್ಲಿ ಕೇಳುತ್ತಿದ್ದ ಲೋವೆಲ್ ಕುರ್ಚಿಯಿಂದ ಎದ್ದು ನಿಂತಿದ್ದ. ನಾಳೆ ಇವರ ತೂಕ ಎಷ್ಟು ಬರಬಹುದು ಎಂದು ಅಲ್ಲೇ ಬೆರಳು ಮಡಚಿದ್ದ.

ಮರುದಿನ ನಸುಕಿನಲ್ಲಿ, ಕಾರ್ಲಿಯ ಜನ ಇನ್ನೂ ಚರ್ಚಿಗೆ ಹೊರಡುವ ಮೊದಲೇ, ವಾಪಸು ಬರುತ್ತಿದ್ದ ಬಸ್ಸು ಮಂಜಿನಲ್ಲಿ ಹಳೆಯ ಮರದ ಸೇತುವೆಯ ಕಟಕಟೆ ಮುರಿದುಕೊಂಡು ಹೊಳೆಗೆ ಬಿತ್ತು. ಎಂಟು ಹುಡುಗರು ಹೋದರು. ಚಾಲಕ ಹೋದ. ಕೋಚ್ ಡ್ಯೂಯಿ ಹೋದ, ಮಗ ರಾಯ್ಸ್ ಹೋದ ಆ ಎಂಟರಲ್ಲಿ ಒಬ್ಬನಾಗಿ. ಚರ್ಚಿನಲ್ಲಿ ಹಾಡು ನಡೆದಿದ್ದಾಗ ಮೂರನೆಯ ಬೆಂಚಿನಲ್ಲಿ ಕೂತಿದ್ದ ಡ್ಯೂಯಿಯ ಹೆಂಡತಿ ವರ್ನಾಳ ಹತ್ತಿರ ಶೆರಿಫನ ಕಡೆಯವನೊಬ್ಬ ಟೋಪಿ ಕೈಯಲ್ಲಿ ಹಿಡಿದು ಬಂದು ಬಗ್ಗಿದ್ದನ್ನು ಲೋವೆಲ್ ಹಿಂದಿನ ಬೆಂಚಿನಿಂದ ನೋಡಿದ. ಅವಳ ನೀಲಿ ಟೋಪಿ ಅಲುಗಾಡಲಿಲ್ಲ. ಅದನ್ನು ಅವನು ಜೀವಮಾನದಲ್ಲಿ ಮರೆಯಲಿಲ್ಲ.

ಬಾಗಿಲಿಗೆ ಅಂಟಿಸಿದ್ದ ಕಾಗದದ ವಿಷಯ ಅವನಿಗೆ ತಿಳಿದದ್ದು ಮಣ್ಣಿನ ದಿನ, ಬದುಕುಳಿದ ಹುಡುಗನೊಬ್ಬನ ಬಾಯಿಂದ. ಹುಡುಗ ದೂರುತ್ತಿರಲಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದ. ಆಟಕ್ಕೆ ಹೊರಡುವಾಗ ಎಲ್ಲರೂ ಆ ಕಾಗದವನ್ನು ಅಂಗೈಯಿಂದ ಒಮ್ಮೆ ತಟ್ಟಿ ಬಸ್ಸು ಹತ್ತಿದ್ದರಂತೆ.

ಇಷ್ಟಕ್ಕೇ ನಿಂತಿದ್ದರೆ ಅದು ಬರೀ ದುಃಖ. ಲೋವೆಲ್ ಮಾಡಿದ ತಪ್ಪು ಅದರ ನಂತರದ್ದು, ಮತ್ತು ಅವನಂಥವನೇ ಮಾಡಬಹುದಾದದ್ದು. ಹೆಬ್ರಾನ್ ಆ ವರ್ಷದ ಉಳಿದ ಆಟಗಳನ್ನು ಕೈಬಿಟ್ಟಿತು. ಆಗ ಮೊದಲ ಸ್ಥಾನಕ್ಕೆ ಎರಡು ತಂಡಗಳ ನಡುವೆ ಹಗ್ಗಜಗ್ಗಾಟ ನಡೆದಿತ್ತು. ಹೆಬ್ರಾನನ್ನು ಸೋಲಿಸಿದ ದೊಡ್ಡ ವಿಶ್ವವಿದ್ಯಾಲಯ ಒಂದು, ದಕ್ಷಿಣದ ಗಲ್ಫ್ ಟೆಕ್ ಇನ್ನೊಂದು. ಹೆಬ್ರಾನನ್ನು ಏಳು ಗೆಲುವು ಒಂದು ಸೋಲಿಗೇ ನಿಲ್ಲಿಸಿದರೆ ಎದುರಾಳಿಯ ಬಲದಿಂದ ದೊಡ್ಡ ವಿಶ್ವವಿದ್ಯಾಲಯದ ತೂಕ ಮೇಲೆ. ಆ ಆಟವನ್ನೇ ತೆಗೆದುಹಾಕಿದರೆ ಟೆಕ್ ಮೇಲೆ. ಮಣ್ಣಿನ ಮಾರನೆಯ ದಿನವೇ ಫೋನುಗಳು ಬಂದವು. ಒಬ್ಬರು ಹಾಗೇ ಇಡಿ ಎಂದರು, ಒಬ್ಬರು ತೆಗೆಯಿರಿ ಎಂದರು. ಹುಡುಗರ ಬಗ್ಗೆ ಒಬ್ಬನೂ ಒಂದು ಮಾತು ಆಡಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವ ಈ ಜನರ ಮೇಲೆ ಲೋವೆಲನಿಗೆ ಹೇಸಿಗೆ ಹುಟ್ಟಿತು. ಸಿಟ್ಟಿನಲ್ಲಿ ಅವನು ನಿಯಮಕ್ಕೆ ಜೋತುಬಿದ್ದ. ಯಾರ ಹೊಲದ್ದು ಎಂದು ಕೇಳಬಾರದು. ಮೈದಾನಕ್ಕೆ ಬಾರದ ತಂಡ ಸೋತ ತಂಡ, ನಿಯಮ ಅಷ್ಟೇ. ಮೊದಲ ಶನಿವಾರ ಕಳೆದ ಮೇಲೆ ಹೆಬ್ರಾನಿನ ಹೆಸರಿಗೆ ಒಂದು ಸೋಲು ಬರೆದ. ಎರಡನೆಯ ಶನಿವಾರಕ್ಕೆ ಇನ್ನೊಂದು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಟಕ್ಕೆ ಮೂರನೆಯದು.

ಎದುರಾಳಿಗಳಾಗಬೇಕಿದ್ದ ಮೂರು ಸಣ್ಣ ಕಾಲೇಜುಗಳೂ ಪತ್ರಿಕೆಗೆ ಕಾಗದ ಬರೆದು, ಈ ಗೆಲುವು ನಮಗೆ ಬೇಡ ಎಂದವು. ಹಾಗಾಗಿ ಪಟ್ಟಿಯಲ್ಲಿ ಮೂರು ಸೋಲು ಉಳಿದವು, ಅವಕ್ಕೆ ಜೋಡಿ ಗೆಲುವುಗಳಿರಲಿಲ್ಲ. ಆ ವರ್ಷದ ಸೋಲುಗಳ ಮೊತ್ತ ಮೂರು ಹೆಚ್ಚಾಗಿಯೇ ಅಚ್ಚಾಯಿತು. ಊರಿನಲ್ಲಿ ಯಾರೂ ಅವನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮುಂದಿನ ಸೆಪ್ಟೆಂಬರಿನಲ್ಲಿ ಹೊಸ ಹಾಳೆ, ಹೊಸ ತಂಡಗಳು. ಹೆಬ್ರಾನ್ ಫುಟ್‌ಬಾಲನ್ನೇ ನಿಲ್ಲಿಸಿತ್ತು, ಅದರ ಹೆಸರು ಹಾಳೆಯಲ್ಲಿ ಇರಲೇ ಇಲ್ಲ. ಆದರೂ ಮೊದಲ ಭಾನುವಾರ ಲೋವೆಲ್ ಕೂಡಿದಾಗ ಸೋಲುಗಳು ಮೂರು ಹೆಚ್ಚು ಬಂದವು. ಮತ್ತೆ ಕೂಡಿದ, ಸರಿ ಬಂತು. ಮುಂದಿನ ವಾರವೂ ಹಾಗೆಯೇ. ಆ ವರ್ಷವೆಲ್ಲ ಹಾಗೆಯೇ, ಅದರ ಮುಂದಿನ ವರ್ಷವೂ. ಮೊದಲ ಸಲ ಮೂರು ಹೆಚ್ಚು, ಎರಡನೆಯ ಸಲ ಸಮ. ಕೂಡುವ ಯಂತ್ರ ಕೊಂಡುತಂದ. ಯಂತ್ರವೂ ಮೊದಲ ಸಲ ಮೂರು ಹೆಚ್ಚು ತೋರಿಸಿತು. ನಾನೇ ಎಲ್ಲೋ ಗುಂಡಿ ತಪ್ಪಿ ಒತ್ತಿದೆ ಎಂದುಕೊಂಡ. ಇಪ್ಪತ್ತೈದು ವರ್ಷ ಒಬ್ಬ ಮನುಷ್ಯ ಒಂದೇ ಗುಂಡಿಯನ್ನು ತಪ್ಪಿ ಒತ್ತುತ್ತಾನೆಯೇ?

ಇದರ ಜೊತೆಗೆ ಒಂದು ಸದ್ದು. ಅವನು ಕೂಡಲು ಕೂತ ಹೊತ್ತಿಗೆ ಮುಂಜಗುಲಿಯ ಹಲಗೆಗಳ ಮೇಲೆ ಕಟಕಟ ಎನ್ನುತ್ತಿತ್ತು, ಆಟದ ಮುಳ್ಳುಬೂಟು ಹಾಕಿಕೊಂಡು ಯಾರೋ ಕಾಲು ಬದಲಿಸಿ ನಿಂತಂತೆ. ಒಬ್ಬರಲ್ಲ, ಹಲವರು. ತಮ್ಮ ತೂಕ ಎಷ್ಟಾಯಿತು ಎಂದು ಕೇಳಲು ಬಂದು, ಕೇಳಲು ನಾಚಿಕೊಂಡವರಂತೆ. ಪೆಕಾನ್ ಕಾಯಿ ತಗಡಿನ ಮೇಲೆ ಉದುರುವುದು ಎಂದು ಇಮೊಜೀನ್ ಹೇಳುತ್ತಿದ್ದಳು. ಪೆಕಾನ್ ಮರ ಇದ್ದದ್ದು ಹಿತ್ತಲಿನಲ್ಲಿ. ಲೋವೆಲ್ ವಾದಕ್ಕಿಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಮುಂದಿನ ಜಾಲರಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂರುತ್ತಿದ್ದ. ಬೇರೆ ಆರು ದಿನ ಆ ಬಾಗಿಲಿಗೆ ಚಿಲಕ ಹಾಕುವ ಮಾತೇ ಇಲ್ಲ.

ಹೆದರಿಕೆಯಿದ್ದರೆ ಪಟ್ಟಿ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಮೊಜೀನ್ ಕೇಳಿದ್ದಳು. ಬಿಟ್ಟರೆ ಅವರು ಎಲ್ಲಿಗೆ ಹೋಗಬೇಕು ಎಂದು ಅವನು ಹೇಳಿದ್ದನಂತೆ.

ವರ್ನಾ ಲಾಫ್ಟಿಸ್ ಮೂರನೆಯ ಬೆಂಚನ್ನು ಬಿಡಲಿಲ್ಲ. ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು, ನಮ್ಮ ಕಡೆಯ ಮರ್ಯಾದೆಯಂತೆ ಎಲ್ಲರಿಗೂ ಮಿಸ್ ವರ್ನಾ ಆದಳು. ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಲೋವೆಲನಿಗೆ ತಲೆಯಾಡಿಸುತ್ತಿದ್ದಳು, ಮಳೆಯ ಬಗ್ಗೆ, ಸೆಖೆಯ ಬಗ್ಗೆ ಒಂದು ಮಾತು. ಅವಳನ್ನು ಕ್ಷಮೆ ಕೇಳಬೇಕು ಎಂಬುದು ಲೋವೆಲನ ನಾಲಗೆಯ ತುದಿಯಲ್ಲಿ ಇಪ್ಪತ್ತೈದು ವರ್ಷ ಕೂತಿತ್ತು. ಅಲ್ಲಿಂದ ಕೆಳಗಿಳಿಯಲಿಲ್ಲ.

1993ರ ಅಕ್ಟೋಬರಿನಲ್ಲಿ ಪತ್ರಿಕೆಗೆ ಎಪ್ಪತ್ತೈದು ತುಂಬಿತು. ಸಂಪಾದಕ ಗ್ರೇಡಿ ಪಿಕನ್ಸ್ ಹಳೆಯ ಪುಟಗಳನ್ನು ವಾರಕ್ಕೊಂದರಂತೆ ಮತ್ತೆ ಅಚ್ಚು ಹಾಕತೊಡಗಿದ, ಲೋವೆಲನ ವರ್ಷದ ಕೊನೆಯ ಪಟ್ಟಿಗಳ ಸಮೇತ. ಮುಂದಿನ ಮಂಗಳವಾರ 1968ರ ಸರದಿ ಎಂದು ಅವನು ಹೇಳಿದಾಗ ಲೋವೆಲ್ ಚಹಾದ ಲೋಟವನ್ನು ಕೆಳಗಿಟ್ಟ. ಆ ವರ್ಷದ್ದನ್ನು ಬಿಟ್ಟುಬಿಡೋಣವೇ ಎಂದು ಗ್ರೇಡಿಯೇ ಕೇಳಿದ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯವನು. ಬೇಡ ಎಂದ ಲೋವೆಲ್. ಸೋಮವಾರ ಮಧ್ಯಾಹ್ನದೊಳಗೆ ತಾನೇ ಒಂದು ಮಾತು ಬರೆದುಕೊಡುತ್ತೇನೆ ಎಂದ. ಅವನಿಗಾಗ ಅರವತ್ತೇಳು. ಮಿಸ್ ವರ್ನಾಳಿಗೆ ಎಪ್ಪತ್ತು ದಾಟಿತ್ತು. ಆ ಮೂರು ಸೋಲು ಅವಳ ಕಣ್ಣೆದುರು ಇನ್ನೊಮ್ಮೆ ಅಚ್ಚಾಗುವ ಮೊದಲು ಅವನ್ನು ತೆಗೆಯಬೇಕು, ಈಗ ತೆಗೆಯದಿದ್ದರೆ ಇನ್ನು ಯಾವಾಗ?

ಭಾನುವಾರ ಊಟದ ಮೇಲೆ ಹಳೆಯ ಹಾಳೆ ತೆಗೆದ. ಹೆಬ್ರಾನಿನ ಸಾಲಿನಲ್ಲಿ ಇದ್ದ ನಾಲ್ಕು ಸೋಲನ್ನು ಹೊಡೆದುಹಾಕಿ ಒಂದು ಎಂದು ಬರೆದ. ಕೆಳಗೆ ತಿದ್ದುಪಡಿಯ ಮಾತು. ‘ಹೆಬ್ರಾನ್ ಕಾಲೇಜು 1968ರಲ್ಲಿ ಆಡಿದ್ದು ಎಂಟು ಆಟ. ಏಳು ಗೆಲುವು, ಒಂದು ಸೋಲು. ಉಳಿದ ಮೂರನ್ನು ಅವರು ಆಡಲಿಲ್ಲ. ತಪ್ಪು ನನ್ನದು.’ ಬರೆದು ಮುಗಿಸಿ, ಆ ವಾರದ ಹೊಸ ಪಟ್ಟಿಯನ್ನು ಎಳೆದುಕೊಂಡು ಕೂಡಿದ. ಮೊದಲ ಸಲಕ್ಕೇ ಸಮ ಬಂತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಅವನು ಕಿವಿಗೊಟ್ಟು ಕೇಳಿದ. ಜಗುಲಿಯಲ್ಲಿ ಸದ್ದಿಲ್ಲ. ಹೋದರು ಎಂದುಕೊಂಡ. ಇಮೊಜೀನಳನ್ನು ಕೂಗಿ ಪೆಕಾನ್ ಪೈ ಇನ್ನೊಂದು ತುಂಡು ಕೊಡು ಎಂದ. ಅವಳು ಅವನ ಮುಖ ನೋಡಿ ಎರಡು ತುಂಡು ತಂದಳು.

ಮಂಗಳವಾರ ಪತ್ರಿಕೆ ಬಂತು. ಬುಧವಾರ ಮಧ್ಯಾಹ್ನ ಮಿಸ್ ವರ್ನಾ ಬಂದಳು.

ಆ ಮನೆಗೆ ಅವಳು ಎಂದೂ ಬಂದವಳಲ್ಲ. ಇಮೊಜೀನ್ ಕುರ್ಚಿ ಹಾಕಿದಳು, ಐಸು ಹಾಕಿದ ಸಿಹಿ ಚಹಾ ತಂದಿಟ್ಟಳು. ವರ್ನಾ ಕೂತಳು, ಚಹಾ ಮುಟ್ಟಲಿಲ್ಲ. ಕೈಚೀಲದಿಂದ ಪತ್ರಿಕೆ ತೆಗೆದು ಮೇಜಿನ ಮೇಲೆ ಬಿಡಿಸಿ, ತಿದ್ದುಪಡಿಯ ಮೇಲೆ ಬೆರಳಿಟ್ಟಳು.

“ಇವನ್ನ ಯಾಕೆ ತೆಗೆದ್ರಿ, ಮಿಸ್ಟರ್ ಟಿಡ್ಮೋರ್?”

ಲೋವೆಲ್ ಅವಳ ಎದುರಿಗೆ ಕೂತ. “ಅದು ತಪ್ಪು, ಮಿಸ್ ವರ್ನಾ. ಆವತ್ತೇ ನಿಮ್ಮ ಹತ್ರ ಬಂದು ಹೇಳ್ಬೇಕಿತ್ತು. ಸತ್ತುಹೋದ ಹುಡುಗರಿಗೆ ಸೋಲು ಬರೆದೆ ನಾನು.”

“ಬರೆದ್ರಿ. ಮೊದಲನೇದು ಓದಿದಾಗ ಈ ಮನೆಗೆ ಬೆಂಕಿ ಇಡ್ಬೇಕು ಅನ್ನಿಸ್ತು ನಂಗೆ. ಸೀಮೆಎಣ್ಣೆ ಡಬ್ಬ ತಗೊಂಡು ಗೇಟಿನ ತನಕ ಬಂದಿದ್ದೆ.” ಅವಳು ಇದನ್ನು ಹವಾಮಾನ ಹೇಳುವ ದನಿಯಲ್ಲೇ ಹೇಳಿದಳು. “ಎರಡನೇ ಮಂಗಳವಾರ ಪೇಪರ್ ಹುಡುಕ್ಕೊಂಡು ನಾನೇ ಅಂಗಡಿಗೆ ಹೋದೆ. ಇತ್ತು. ಹೆಬ್ರಾನ್, ಇನ್ನೊಂದು ಸೋಲು. ಊರಲ್ಲಿ ಎಲ್ರೂ ಮಾತು ನಿಲ್ಸಿಬಿಟ್ಟಿದ್ರು. ಮನೆಗೆ ಬಂದು ಅಡುಗೆ ಇಟ್ಟು ಹೋಗೋರು, ನನ್ನ ಮಗನ ಹೆಸ್ರು ಮಾತ್ರ ಎತ್ತೋರಲ್ಲ. ಎಲ್ಲರ ಪಾಲಿಗೂ ರಾಯ್ಸ್ ಆ ಭಾನುವಾರ ಬೆಳಿಗ್ಗೆ ಮುಗಿದುಹೋಗಿದ್ದ. ನಿಮ್ಮ ಪಟ್ಟೀಲಿ ಮಾತ್ರ ಥ್ಯಾಂಕ್ಸ್‌ಗಿವಿಂಗ್ ತನಕ ಸೋಲ್ತಾ ಇದ್ದ.”

ಅಡುಗೆಮನೆಯ ಬಾಗಿಲಲ್ಲಿ ನಿಂತ ಇಮೊಜೀನ್ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ಸೋಲೋದಕ್ಕೂ ಬದುಕಿರ್ಬೇಕಲ್ಲ,” ಎಂದಳು ವರ್ನಾ. “ಮೂರು ವಾರ ಜಾಸ್ತಿ ಕೊಟ್ಟಿದ್ರಿ ನೀವು. ಬೇಕು ಅಂತ ಕೊಡ್ಲಿಲ್ಲ ಅನ್ನೋದು ಗೊತ್ತು. ಆದ್ರೂ ಅದು ನಂದು. ನಿನ್ನೆ ಪೇಪರ್ ತೆಗೆದ್ರೆ ಅದೂ ಇಲ್ಲ.”

ಲೋವೆಲ್ ಮೇಜಿನ ಅಂಚು ಹಿಡಿದುಕೊಂಡ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ತಿಳಿದು, ಬಾಗಿಲಿಗೆ ಅಂಟಿಸಿದ್ದ ಆ ಎರಡು ಸಾಲಿನ ಮಾತೆತ್ತಿದ. ತಾನು ಅದನ್ನು ಬರೆಯದಿದ್ದರೆ ಕೋಚ್ ಆ ಆಟಕ್ಕೆ ಒಪ್ಪುತ್ತಲೇ ಇರಲಿಲ್ಲ, ಬಸ್ಸು ಆ ದಾರಿಯಲ್ಲಿ ಬರುತ್ತಲೇ ಇರಲಿಲ್ಲ ಎಂದ.

ವರ್ನಾ ಪತ್ರಿಕೆಯನ್ನು ನಾಲ್ಕಾಗಿ ಮಡಚಿದಳು.

“ಅದನ್ನ ನಾನು ಕ್ಷಮಿಸಿಲ್ಲ,” ಎಂದಳು. “ಪ್ರಯತ್ನ ಮಾಡಿದೀನಿ, ಆಗ್ಲಿಲ್ಲ. ಅದು ಹಾಗೇ ಇರ್ಲಿ. ಆದ್ರೆ ಈ ಮೂರನ್ನ ವಾಪಸ್ ಹಾಕಿ.”

ಅವಳು ಎದ್ದು ಹೋದ ಮೇಲೆ ಚಹಾದ ಲೋಟದ ಹೊರಗೆ ಬೆವರಿದ ನೀರು ಮೇಜಿನ ಮೇಲೆ ಒಂದು ಉಂಗುರ ಬಿಟ್ಟಿತ್ತು. ಇಮೊಜೀನ್ ಅದನ್ನು ಒರೆಸಲು ಬಂದಾಗ ಲೋವೆಲ್ ಬೇಡ ಎಂದ. ಬಹಳ ಹೊತ್ತು ಅಲ್ಲೇ ಕೂತು ಅತ್ತ. ಕ್ಷಮೆ ಸಿಕ್ಕಿದ್ದರೆ ಇಷ್ಟು ಅಳುತ್ತಿರಲಿಲ್ಲವೇನೋ.

ಗ್ರೇಡಿಗೆ ಫೋನ್ ಮಾಡಿ ಹೇಳಿದಾಗ, ತಿದ್ದುಪಡಿಗೆ ತಿದ್ದುಪಡಿ ಹಾಕಿದರೆ ಜನ ನಗುತ್ತಾರೆ ಎಂದು ಅವನು ಗೊಣಗಿದ. ನಗಲಿ ಎಂದ ಲೋವೆಲ್. ಭಾನುವಾರ ಊಟ ಮುಗಿಸಿ ಬರೆದದ್ದು ಒಂದೇ ಸಾಲು: ‘1968ರ ಪಟ್ಟಿಯನ್ನು ಮೊದಲು ಇದ್ದಂತೆಯೇ ಓದಿಕೊಳ್ಳಬೇಕು.’ ಹಳೆಯ ಹಾಳೆಯಲ್ಲಿ, ತಾನು ಹೊಡೆದುಹಾಕಿದ್ದರ ಪಕ್ಕದಲ್ಲಿ, ನಾಲ್ಕು ಎಂದು ಮತ್ತೆ ಬರೆದ. ಆಮೇಲೆ ಆ ವಾರದ ಪಟ್ಟಿ ತೆಗೆದು ಕೂಡಿದ. ಸೋಲುಗಳು ಮೂರು ಹೆಚ್ಚು ಬಂದವು.

ಮುಂಜಗುಲಿಯಲ್ಲಿ ಹಲಗೆ ಸದ್ದು ಮಾಡಿತು. ಮತ್ತೆ ಕೂಡುವುದಿಲ್ಲವೇ ಎಂದು ಇಮೊಜೀನ್ ಒಳಗಿನಿಂದ ಕೇಳಿದಳು.

“ಇಲ್ಲ,” ಎಂದ ಲೋವೆಲ್. “ಸರಿಯಾಗೇ ಇದೆ.”

ಪೆನ್ಸಿಲ್ ಕೆಳಗಿಟ್ಟು ಎದ್ದು ಹೋಗಿ ಜಾಲರಿ ಬಾಗಿಲಿನ ಚಿಲಕ ತೆಗೆದ.